ದೇವರ ಫೋಟೋ ತೆಗೆದವರು ಯಾರು?

ಅಫಜಲಪುರ ತಾಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಆ ದಾರಿಗೆ ಹೋದವರಿಗೆ ಗೊತ್ತು, ಟ್ರ್ಯಾಕ್ಟರ್ ಸಾಲು ಮುಗಿಯೋದೇ ಇಲ್ಲ. ಒಮ್ಮೆ ನಾನೂ ಆ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡೆ. ಮುಂದಿದ್ದ ಟ್ರ್ಯಾಕ್ಟರ್ ಮೇಲೆ ಇಬ್ಬರು ಹನುಮಂತರು. ಒಬ್ಬ ನಮಗೆಲ್ಲ ಪರಿಚಯದವನು, ಕೇಸರಿ-ಕಪ್ಪು ಬಣ್ಣದ, ಹುಬ್ಬು ಗಂಟಿಕ್ಕಿದ ಸ್ಟಿಕ್ಕರ್. ಇನ್ನೊಬ್ಬ ಹೊಸಬ. ಹಣೆಯ ಮೇಲೆ ಬೆವರ ಹನಿ, ಕೆನ್ನೆಯಲ್ಲಿ ಎಣಿಸಬಹುದಾದಷ್ಟು ಸ್ಪಷ್ಟವಾದ ರೋಮ, ಕಣ್ಣಲ್ಲಿ ಬೆಳಕಿನ ಚುಕ್ಕಿ.

"ಈ ಚಿತ್ರ ಎಲ್ಲಿ ಸಿಕ್ತು?" ಅಂತ ಚಾಲಕನನ್ನು ಕೇಳಿದೆ.

"ಚಿತ್ರ ಅಲ್ರೀ ಸಾಹೇಬ್ರ, ಫೋಟೋ ಅದ. ಖರೇ ಹನುಮಪ್ಪ" ಅಂದ.

ನಗು ಬಂತು. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಯಾಕೆ ಅಂದ್ರೆ, ಅಂಥ "ಫೋಟೋ" ಮಾಡಿ ತೋರಿಸಿದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ರಾಮನವಮಿಗೆ ಒಂದು ವಿಶೇಷ ಕಾರ್ಯಕ್ರಮ ಮಾಡಿದ್ವಿ. ನಮ್ಮ ಗ್ರಾಫಿಕ್ಸ್ ಹುಡುಗ ಒಂದೇ ರಾತ್ರಿಯಲ್ಲಿ ರಾಮನ ಮುಖ ಸಿದ್ಧಮಾಡಿದ. ನಾನು ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಒಂದು ರೇಖಾಚಿತ್ರ. ಅದರ ಮೇಲೆ ಯಾರದೋ ಕಣ್ಣು, ಇನ್ಯಾರದೋ ದವಡೆ. ಹತ್ತಿರದಿಂದ ತೆಗೆದ ಚರ್ಮದ ಫೋಟೋವನ್ನು ತೆಳುವಾದ ಪದರದಂತೆ ಹೊದಿಸಿ ನೀಲಿ ಛಾಯೆ ಕೊಟ್ಟ. ಕಿರೀಟಕ್ಕೆ ಆಭರಣದ ಫೋಟೋ, ಶಲ್ಯಕ್ಕೆ ರೇಷ್ಮೆ ಸೀರೆಯ ಫೋಟೋ. ಎಲ್ಲದರ ಬೆಳಕು ಒಂದೇ ಕಡೆಯಿಂದ ಬೀಳುವಂತೆ ಸರಿಮಾಡಿದ. ಕೊನೆಗೆ ಇಡೀ ಚಿತ್ರದ ಮೇಲೆ ಸಣ್ಣ ಸಣ್ಣ ಚುಕ್ಕೆಗಳನ್ನು ಉದುರಿಸಿದ. "ಇದು ಹಾಕಿದ್ರೆ ಜೋಡಣೆ ಕಾಣಲ್ಲ ಸರ್" ಅಂದ. ಪರದೆಯ ಮೇಲೆ ನಾವು ಹಾಕಿದ್ದು ಒಂದೇ ಪದ: ಶ್ರೀರಾಮ.

ಮರುದಿನ ಒಬ್ಬ ಮೇಷ್ಟ್ರು ಫೋನ್ ಮಾಡಿದ್ರು. "ಸರ್, ನಮ್ಮ ಮಕ್ಕಳು ಕೇಳ್ತಿದ್ದಾರೆ, ರಾಮನ ಫೋಟೋ ನಿಮಗೆ ಎಲ್ಲಿ ಸಿಕ್ತು ಅಂತ. ಏನು ಹೇಳಲಿ?" ದಿನಾ ಸಂಜೆ ಎಲ್ಲರನ್ನೂ ಪ್ರಶ್ನೆ ಕೇಳೋ ನನ್ನ ಬಳಿ ಉತ್ತರ ಇರಲಿಲ್ಲ.

ಹಾಗಂತ ದೇವರಿಗೆ ಮನುಷ್ಯರ ಮುಖ ಕೊಟ್ಟಿದ್ದು ಕಂಪ್ಯೂಟರ್ ಬಂದ ಮೇಲೆ ಅಲ್ಲ. ರಾಜಾ ರವಿವರ್ಮ ಕಣ್ಣೆದುರಿನ ಹೆಣ್ಣುಮಕ್ಕಳನ್ನು ನೋಡಿಯೇ ಲಕ್ಷ್ಮಿ, ಸರಸ್ವತಿಯರನ್ನು ಬರೆದರು. 1894ರಲ್ಲಿ ಮುಂಬೈನಲ್ಲಿ ಅವರ ಮುದ್ರಣಾಲಯ ಶುರುವಾಯಿತು. ಅರಮನೆಯ ಗೋಡೆಯಲ್ಲಿದ್ದ ದೇವರು ಬಡವರ ಮನೆಯ ಜಗಲಿಗೂ ಬಂದ. ಆಮೇಲೆ ಸಿನಿಮಾ ಬಂತು. ದಾದಾಸಾಹೇಬ್ ಫಾಲ್ಕೆ 1917ರಲ್ಲಿ ತೆಗೆದ 'ಲಂಕಾ ದಹನ'ದಲ್ಲಿ ಸಾಳುಂಕೆ ಎಂಬ ಒಬ್ಬನೇ ನಟ ರಾಮನೂ ಆದ, ಸೀತೆಯೂ ಆದ! ನಮ್ಮಲ್ಲೇ ನೋಡಿ, 1975ರ 'ಮಯೂರ' ಆದ ಮೇಲೆ ಕದಂಬರ ಮಯೂರ ಅಂದ ಕೂಡಲೇ ಕಣ್ಣ ಮುಂದೆ ಬರೋದು ಡಾ. ರಾಜ್‌ಕುಮಾರ್ ಮುಖ ಅಲ್ವಾ? ಆದರೆ ಅವರು ನಟರು ಅನ್ನೋದು ನೋಡಿದವರಿಗೆಲ್ಲ ಗೊತ್ತಿತ್ತು. ಕ್ಯಾಲೆಂಡರ್ ಬರೆದ ಚಿತ್ರ ಅನ್ನೋದೂ ಗೊತ್ತಿತ್ತು.

ಆ ಕೇಸರಿ-ಕಪ್ಪು ಹನುಮಂತನದೂ ಅದೇ ಕಥೆ. ಅವನನ್ನು 2015ರಲ್ಲಿ ಕಂಪ್ಯೂಟರ್‌ನಲ್ಲಿ ಬರೆದದ್ದು ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ. ಊರಿನ ಹುಡುಗರು ಗಣೇಶ ಹಬ್ಬದ ಬಾವುಟಕ್ಕೆ ಕೇಳಿದ್ದರಂತೆ. ದೇಶದ ಗಾಡಿಗಳ ಮೇಲೆಲ್ಲ ಅದು ಅಂಟಿತು, 2018ರ ಚುನಾವಣಾ ಪ್ರಚಾರದಲ್ಲಿ ಮಂಗಳೂರಿಗೆ ಬಂದ ಪ್ರಧಾನಿಯೂ ಹೊಗಳಿದರು. ಅವನಲ್ಲಿ ರೋಪು ಕಂಡವರುಂಟು, ಕೋಪ ಕಂಡವರುಂಟು. ಆದರೆ ಅದನ್ನು ಫೋಟೋ ಅಂದವರಿಲ್ಲ. ಬಣ್ಣ, ಗೆರೆ ಎರಡೂ "ನಾನು ಚಿತ್ರ" ಅಂತ ತಾವೇ ಹೇಳ್ತಿದ್ವು.

ಫೋಟೋದ ಚರ್ಮ ಹೊದ್ದ ಚಿತ್ರ ಹಾಗೆ ಹೇಳೋದಿಲ್ಲ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಬಾಲರಾಮನ ಪ್ರತಿಷ್ಠೆ ಆಯ್ತು. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್, ಇದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಮೂರ್ತಿ ಕಣ್ಣು ಮಿಟುಕಿಸಿ ನಗುವ ವಿಡಿಯೋ ಮೊಬೈಲಿಂದ ಮೊಬೈಲಿಗೆ ಹರಿದಾಡಿತು. ಕಲ್ಲಿಗೆ ಶಿಲ್ಪಿಯ ಹೆಸರಿತ್ತು, ಆ ನಗುವಿಗೆ ಯಾರ ಹೆಸರೂ ಇರಲಿಲ್ಲ.

ಹವಳಗಾದ ತಾಲೂಕಿನಲ್ಲೇ ಇನ್ನೊಂದು ಊರಿದೆ, ಗಾಣಗಾಪುರ. ಮೂರು ತಲೆ, ಪಕ್ಕದಲ್ಲಿ ಹಸು, ಕಾಲ ಬಳಿ ನಾಲ್ಕು ನಾಯಿ ಇರುವ ದತ್ತಾತ್ರೇಯನ ಚಿತ್ರ ಅಲ್ಲಿನ ಅಂಗಡಿ ಅಂಗಡಿಯಲ್ಲೂ ಮಾರಾಟಕ್ಕಿದೆ. ಆದರೆ ಗುಡಿಯೊಳಗೆ ಪೂಜೆ ಯಾವುದಕ್ಕೆ? ನರಸಿಂಹ ಸರಸ್ವತಿ ಸ್ವಾಮಿಗಳು ಬಿಟ್ಟುಹೋದರೆಂದು ಭಕ್ತರು ನಂಬುವ ನಿರ್ಗುಣ ಪಾದುಕೆಗೆ. ಹೊರಗೆ ಮಾರಾಟ ಮೂರು ಮುಖದ ಚಿತ್ರಕ್ಕೆ, ಒಳಗೆ ಪೂಜೆ ಪಾದುಕೆಗೆ. ಭಕ್ತಿಗೆ ಫೋಟೋ ಬೇಕೇ ಬೇಕು ಅನ್ನೋರು ಒಮ್ಮೆ ಅಲ್ಲಿಗೆ ಹೋಗಿಬರಲಿ.

ಅದೇ ಭೀಮಾ ನದಿಯ ಗುಂಟ ಕೆಳಗೆ ಹೋದರೆ ಸನ್ನತಿ, ಅದರ ಪಕ್ಕ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಅಲ್ಲಿ ಬೌದ್ಧ ಸ್ತೂಪ ಸಿಕ್ಕಿತು. ಒಂದು ಕಲ್ಲಿನಲ್ಲಿ ರಾಜ, ರಾಣಿ, ಛತ್ರ ಚಾಮರ ಹಿಡಿದವರು. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ". ಅಂದ್ರೆ ರಾಜ ಅಶೋಕ. ಆ ಶಿಲ್ಪಿ ಅಶೋಕನನ್ನು ಕಂಡವನಲ್ಲ, ಅಶೋಕ ತೀರಿಹೋಗಿ ಬಹಳ ಕಾಲದ ಮೇಲೆ ಕೆತ್ತಿದವನು. ಮುಖ ಕಲ್ಪನೆಯದು. ಅದಕ್ಕೇ ಹೆಸರು ಬರೆದ. ಬರೀ ಮುಖ ನೋಡಿ ಜನ ಗುರುತಿಸ್ತಾರೆ ಅಂತ ಅವನು ನಂಬಿ ಕೂರಲಿಲ್ಲ.

ನಾವು ಅಷ್ಟಾದರೂ ಮಾಡಬೇಡವೇ? ದೇವರ ಮುಖ ಮಾಡಬೇಡಿ ಅಂತ ನಾನು ಹೇಳ್ತಿಲ್ಲ, ಅದು ನಮ್ಮ ಹಳೇ ಕಸುಬು. ಆದರೆ ಕೆಳಗೆ ಎರಡು ಸಾಲು ಬರೆಯಿರಿ: ಇದು ಕಲ್ಪನೆಯ ಚಿತ್ರ, ಮಾಡಿದವರು ಇಂಥವರು. ನಾಳೆ ಗಾಂಧೀಜಿಯದೋ, ಅಂಬೇಡ್ಕರ್ ಅವರದೋ ನಿಜವಾದ ಫೋಟೋ ತೋರಿಸಿದಾಗ ಮಕ್ಕಳು ಅದನ್ನೂ "ಯಾರೋ ಮಾಡಿದ್ದು ಬಿಡಿ" ಅನ್ನಬಾರದಲ್ಲ? ಖರೇದಕ್ಕೂ ಕಲ್ಪನೆಗೂ ನಡುವಿನ ಗೆರೆ ಅಳಿಸಿದರೆ ಮೊದಲು ಕಳೆದುಹೋಗೋದು ನಮ್ಮ ಇತಿಹಾಸ.

ಮೇಷ್ಟ್ರಿಗೆ ತಡವಾಗಿ ಫೋನ್ ಮಾಡಿದೆ. ಕ್ಷಮೆ ಕೇಳಿ ಹೇಳಿದೆ, "ಅದು ಫೋಟೋ ಅಲ್ಲ ಸರ್. ನಮ್ಮ ಆಫೀಸಿನ ಹುಡುಗ ರಾತ್ರಿಯೆಲ್ಲ ಕೂತು ಮಾಡಿದ್ದು." ಅವರು ನಕ್ಕು, "ಹಾಗಾದ್ರೆ ಆ ಹುಡುಗನ ಹೆಸರು ಹೇಳಿ, ಮಕ್ಕಳಿಗೆ ಹೇಳ್ತೀನಿ" ಅಂದ್ರು.