ಮಂದ್ರಕ್ಕೊಂದು ಮನೆ



1960ರ ದಶಕದ ಕೊನೆಯಲ್ಲಿ, ನನ್ನ ಬಾಲ್ಯದಲ್ಲಿ, ನಮ್ಮ ಮನೆಯಲ್ಲಿ ಮರದ ಪೆಟ್ಟಿಗೆಯ ದೊಡ್ಡದೊಂದು ರೇಡಿಯೊ ಇತ್ತು. ಅದು ಕೆಟ್ಟುಹೋದಾಗ ತಂದೆಯವರು ಅಂಗೈಯಗಲದ ಟ್ರಾನ್ಸಿಸ್ಟರ್ ತಂದರು. ಅಂದು ರಾತ್ರಿ ಸಂಗೀತ ಕಚೇರಿಯನ್ನು ಕೇಳುತ್ತಿದ್ದ ನನ್ನ ತಾಯಿ, "ಮೃದಂಗದವರ ಎಡಗೈ ಎಲ್ಲಿ ಹೋಯಿತು?" ಎಂದರು. ನಾವೆಲ್ಲ ನಕ್ಕೆವು. ಆ ಪ್ರಶ್ನೆ ಮತ್ತೆ ನೆನಪಾದದ್ದು ಈಚೆಗೆ, ಬಾಗಲಗುಂಟೆಯ ನಮ್ಮ ಮನೆಯಲ್ಲಿ. ಬಾಸ್ ಗಿಟಾರ್ ಕಲಿಯುತ್ತಿರುವ ಮೊಮ್ಮಗನಿಗೆ ಸ್ಪೀಕರ್ ಪೆಟ್ಟಿಗೆಯೊಂದು ಬೇಕಾಗಿತ್ತು. ಮೂರು ಮಹಡಿ ಹತ್ತಿಸಬೇಕಲ್ಲ, ಸಣ್ಣದೇ ಸಾಕು ಎಂಬುದು ಮನೆಯವರ ವಾದ. ನಾನು ಸಾಹಿತ್ಯದ ವಿದ್ಯಾರ್ಥಿ. ಆದರೂ ಕುತೂಹಲದಿಂದ ಈ ಪೆಟ್ಟಿಗೆಯ ಚರಿತ್ರೆಯನ್ನು ಓದತೊಡಗಿದೆ.

ಬಾಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ನಾದದ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಸ್ಪೀಕರಿನ ಕಾಗದದ ಶಂಕು ಮುಂದಿನ ಗಾಳಿಯನ್ನು ತಳ್ಳುವಾಗಲೇ ಹಿಂದಿನ ಗಾಳಿಯನ್ನು ಸೆಳೆಯುತ್ತದೆ. ಇಷ್ಟು ಉದ್ದದ ಅಲೆಗಳು ಅಂಚನ್ನು ಸುತ್ತಿಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಆದುದರಿಂದ, ಇಂದಿನ ಸ್ಪೀಕರಿನ ಮೂಲರೂಪವನ್ನು 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಲೋಕದ ಮುಂದಿಟ್ಟಂದಿನಿಂದಲೂ ಅದಕ್ಕೊಂದು ಹಲಗೆಯೋ ಪೆಟ್ಟಿಗೆಯೋ ಬೇಕಾಯಿತು. ಆದರೆ ಮುಚ್ಚಿದ ಪೆಟ್ಟಿಗೆಯೊಳಗೆ ಸೆರೆಯಾದ ಗಾಳಿ ಸುಮ್ಮನಿರುವುದಿಲ್ಲ, ಸ್ಪ್ರಿಂಗಿನಂತೆ ಒತ್ತಿಬರುತ್ತದೆ. ಪೆಟ್ಟಿಗೆ ಕಿರಿದಾದಷ್ಟೂ ಆ ಸ್ಪ್ರಿಂಗು ಬಿಗಿ. ಬಿಗಿಯಾದಷ್ಟೂ ಮಂದ್ರ ಸ್ವರ ಕ್ಷೀಣ.

ಹಾಗಾದರೆ ಸಣ್ಣ ಮನೆಯಲ್ಲಿ ಮಂದ್ರಕ್ಕೆ ಇಂಬೇ ಇಲ್ಲವೆ? ಉಂಟು ಎಂಬುದನ್ನು ನಮ್ಮ ಮೃದಂಗ ವಿದ್ವಾಂಸರು ಬಹುಕಾಲದಿಂದ ಬಲ್ಲರು. ಕಚೇರಿಗೆ ಮುನ್ನ ಅವರು ಎಡಬದಿಯ ಚರ್ಮಕ್ಕೆ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತುತ್ತಾರೆ. ಭಾರ ಹೊತ್ತ ಚರ್ಮ ನಿಧಾನವಾಗಿ ಮಿಡಿದು ದನಿ ಕೆಳಗಿಳಿಯುತ್ತದೆ. ವಾದ್ಯದ ಗಾತ್ರ ಮಾತ್ರ ಬೆರಳಷ್ಟೂ ಬೆಳೆಯುವುದಿಲ್ಲ. ಚರ್ಮಕ್ಕೆ ಹೊರಿಸಿದ ಭಾರ ನಾದವನ್ನು ಹೇಗೆ ತಿದ್ದುತ್ತದೆ ಎಂಬುದನ್ನು ಸರ್ ಸಿ. ವಿ. ರಾಮನ್ನರು ಮೊದಲು ಕಲ್ಕತ್ತೆಯಲ್ಲಿ, ಬಳಿಕ 1934ರಲ್ಲಿ ನಮ್ಮ ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಶೋಧಿಸಿದ್ದರು.

1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮಾಡಿದ್ದೂ ಬಹುಮಟ್ಟಿಗೆ ರವೆ ಮೆತ್ತುವ ಕೆಲಸವೇ. ಸಡಿಲವಾಗಿ ಕಟ್ಟಿದ ಭಾರದ ಶಂಕುವನ್ನು ಸಣ್ಣ ಪೆಟ್ಟಿಗೆಯಲ್ಲಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗನ್ನಾಗಿ ದುಡಿಸಿಕೊಂಡರು. ಮಂದ್ರ ಬಂದಿತು; ಆದರೆ ಭಾರವನ್ನು ಅಲುಗಿಸಲು ಹೆಚ್ಚು ವಿದ್ಯುಚ್ಛಕ್ತಿ ಬೇಕಾಯಿತು. ಸಣ್ಣ ಪೆಟ್ಟಿಗೆ, ಆಳವಾದ ದನಿ, ಅಲ್ಪ ಶಕ್ತಿಯಲ್ಲಿ ದೊಡ್ಡ ಸದ್ದು ಎಂಬ ಮೂರು ವರಗಳಲ್ಲಿ ಎರಡನ್ನು ಮಾತ್ರ ಬೇಡಬಹುದೆಂಬ ನಿಯಮಕ್ಕೆ ಹಾಫ್‌ಮನ್ ಎಂಬುವರ ಹೆಸರಿದೆ. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಇದನ್ನೆಲ್ಲ ಗಣಿತಕ್ಕೆ ಅಳವಡಿಸಿದರು. ಆ ಲೆಕ್ಕದಂತೆ ಒಂದು ಸ್ಥಾಯಿಯಷ್ಟು ಕೆಳಗಿಳಿಯಬೇಕಾದರೆ ಪೆಟ್ಟಿಗೆ ಎಂಟು ಪಟ್ಟು ಹಿಗ್ಗಬೇಕು, ಇಲ್ಲವೇ ಶಕ್ತಿಯನ್ನು ಎಂಟು ಪಟ್ಟು ತೆರಬೇಕು.

ಹೊರಗಿನ ಗಾತ್ರವೊಂದನ್ನೇ ನಂಬುವಂತೆಯೂ ಇಲ್ಲ. 1969ರಲ್ಲಿ ಆಂಪೆಗ್ ಕಂಪನಿ ತಂದ ಹೆಸರಾಂತ ಬಾಸ್ ಪೆಟ್ಟಿಗೆ ಎದೆಯೆತ್ತರದ್ದು. ಆದರೆ ಅದರೊಳಗೆ ಎಂಟು ಸ್ಪೀಕರುಗಳ ಸಂಸಾರ. ಒಂದೊಂದರ ಪಾಲಿಗೆ ಬರುವ ಜಾಗ ಸ್ವಲ್ಪವೇ. ಅದರ ಗುಡುಗಿನಲ್ಲಿ ದಪ್ಪ ತಂತಿಯ ಮೂಲಸ್ವರ ಕ್ಷೀಣ, ಉಪಸ್ವರಗಳೇ ಪ್ರಬಲ. ಉಪಸ್ವರಗಳು ಕೇಳಿಸಿದರೆ ಮೂಲಸ್ವರವನ್ನು ನಮ್ಮ ಕಿವಿ ಊಹಿಸಿಕೊಳ್ಳುತ್ತದೆ.

ನಮ್ಮ ಟ್ರಾನ್ಸಿಸ್ಟರಿನಲ್ಲಿ ತಾಳ ತಪ್ಪದೆ ಕೇಳಿಸುತ್ತಿದ್ದುದು ಈ ಊಹೆಯ ಬಲದಿಂದಲೇ ಇರಬೇಕು. ಆದರೆ ಊಹೆ ಎದೆಗೆ ತಟ್ಟುವುದಿಲ್ಲ. ತಾಯಿ ಗುರುತಿಸಿದ್ದು ಆ ಕೊರತೆಯನ್ನು. ನಕ್ಕ ನಾವು ಕಿವುಡರು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿ, ಆಯ್ಕೆಯನ್ನು ಅವನಿಗೇ ಬಿಟ್ಟೆ. ಅವನು ದೊಡ್ಡ ಪೆಟ್ಟಿಗೆಯನ್ನೇ ಆರಿಸಿ, ಗೆಳೆಯನೊಬ್ಬನೊಡನೆ ಮೂರು ಮಹಡಿ ಹೊತ್ತು ತಂದ. ದಪ್ಪ ತಂತಿಯನ್ನು ಮೀಟಿದಾಗ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ನಡುಗಿದವು. ತಾಯಿ ಈಗಿಲ್ಲ. ಅವರು ಕೇಳಿದ ಎಡಗೈ ಅರ್ಧ ಶತಮಾನ ತಡವಾಗಿ ನಮ್ಮ ಮನೆಗೆ ಬಂದಿತು.