ಡಿಮೆನ್ಷಿಯಾ ಮತ್ತು ಒಂಟಿತನ: ಗುಂಪು ಚಟುವಟಿಕೆಗಳ ನೆರವು

ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಇರುವವರು ಮನೆತುಂಬ ಜನರಿದ್ದರೂ ಒಂಟಿಯಾಗಬಹುದು. ಮಾತಿನ ನಡುವೆ ಪದ ಸಿಗದೆ, ಹೆಸರು ನೆನಪಾಗದೆ ಮುಜುಗರಪಟ್ಟು ಅವರು ಮಾತನ್ನೇ ಕಡಿಮೆ ಮಾಡುತ್ತಾರೆ. ದಾರಿ ತಪ್ಪೀತೆಂಬ ಭಯದಿಂದ ಮನೆಯವರೂ ಹೊರಗೆ ಕಳಿಸುವುದಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ಭಾಷೆ ಏಕೆ ಮುಖ್ಯ?

ಕಾಯಿಲೆ ಹೆಚ್ಚಿದಂತೆ, ನಂತರ ಕಲಿತ ಭಾಷೆ ಮೊದಲು ಜಾರುವುದುಂಟು. ಮುಂಬೈಯಲ್ಲಿ ದಶಕಗಳ ಕಾಲ ಹಿಂದಿ, ಮರಾಠಿಯಲ್ಲಿ ವ್ಯವಹರಿಸಿದ ಹಿರಿಯರು ಕನ್ನಡಕ್ಕೋ ತುಳುವಿಗೋ ಮರಳಬಹುದು. ಮೊಮ್ಮಕ್ಕಳಿಗೆ ಆ ಭಾಷೆ ಬಾರದಿದ್ದರೆ ಮನೆಯಲ್ಲೇ ಮಾತು ನಿಲ್ಲುತ್ತದೆ. ಆದ್ದರಿಂದ ಅವರ ಮಾತು ಬಲ್ಲ ನಾಲ್ಕು ಜನರ ಒಡನಾಟ ಅಗತ್ಯ.

ಯಾವ ಚಟುವಟಿಕೆ ಸೂಕ್ತ?

• ಭಜನೆ, ಹಳೆಯ ಚಿತ್ರಗೀತೆ: ಮಾತು ತಡವರಿಸುವವರೂ ಪರಿಚಿತ ಹಾಡಿಗೆ ದನಿಗೂಡಿಸಬಲ್ಲರು.
• ಹೂ ಕಟ್ಟುವುದು, ಅವರೆಕಾಳು ಬಿಡಿಸುವುದು: ಕೈಗೆ ರೂಢಿಯಾದ ಕೆಲಸ ಬಹುಕಾಲ ಉಳಿಯುತ್ತದೆ.
• ಚೌಕಾಬಾರ, ಹಾವು–ಏಣಿ: ನಿಯಮ ಸಡಿಲಿಸಿ ಆಡಿ.
• ಊರಿನ ಫೋಟೊ, ಹಳೆಯ ಪಾತ್ರೆ ಮುಂದಿಟ್ಟು ಹರಟೆ.

ಬ್ರಿಟನ್‌ನಲ್ಲಿ ರೂಪುಗೊಂಡ ಅರಿವು ಉತ್ತೇಜನ ಚಿಕಿತ್ಸೆಯೂ ಗುಂಪಿನಲ್ಲೇ ನಡೆಯುತ್ತದೆ: ವಾರಕ್ಕೆ ಎರಡರಂತೆ ಏಳು ವಾರ, ಒಟ್ಟು 14 ಕೂಟಗಳು. ಸೌಮ್ಯ ಮತ್ತು ಮಧ್ಯಮ ಹಂತದವರಿಗೆ ಇದರಿಂದ ಪ್ರಯೋಜನ ಕಂಡುಬಂದಿದೆ. ಆದರೆ ಇದು ಕಾಯಿಲೆಯನ್ನು ಗುಣಪಡಿಸುವುದಿಲ್ಲ.

ಮನೆಯವರು ಗಮನಿಸಬೇಕಾದದ್ದು

• ಗುಂಪು ಐದಾರು ಜನರದ್ದಿರಲಿ. ಸ್ಥಳ, ಸಮಯ ಬದಲಾಗದಿರಲಿ. ಮುಕ್ಕಾಲು ಗಂಟೆ ಸಾಕು.
• ಲೋಕಲ್ ರೈಲಿನ ನೂಕುನುಗ್ಗಲು ಗಲಿಬಿಲಿ ಉಂಟುಮಾಡಬಹುದು. ಸೊಸೈಟಿಯ ಸಭಾಂಗಣ ಅಥವಾ ಹತ್ತಿರದ ದೇವಸ್ಥಾನ ಉತ್ತಮ.
• “ನಾನು ಯಾರು ಹೇಳಿ?” ಎಂದು ಪರೀಕ್ಷಿಸಬೇಡಿ. ನಿಮ್ಮ ಹೆಸರು ಹೇಳಿಯೇ ಮಾತು ಆರಂಭಿಸಿ.
• ಕನ್ನಡಕ, ಶ್ರವಣಯಂತ್ರ ಮರೆಯಬೇಡಿ. ವಿಳಾಸ ಮತ್ತು ಫೋನ್ ನಂಬರ್ ಇರುವ ಚೀಟಿ ಜೇಬಿನಲ್ಲಿರಲಿ.
• ಅವರಿಗೆ ಬೇಡವೆನಿಸಿದರೆ ಒತ್ತಾಯ ಬೇಡ. ಪಕ್ಕದಲ್ಲಿ ಸುಮ್ಮನೆ ಕೂತು ಕೇಳುವುದೂ ಪಾಲ್ಗೊಳ್ಳುವಿಕೆಯೇ.

ಎಲ್ಲಿ ವಿಚಾರಿಸಬಹುದು?

1995ರಲ್ಲಿ ಮುಂಬೈಯಲ್ಲಿ ಆರಂಭವಾದ ಡಿಗ್ನಿಟಿ ಫೌಂಡೇಶನ್ ಹಿರಿಯರ ಒಡನಾಟಕ್ಕಾಗಿ ಕೆಲಸ ಮಾಡುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ ಆರೈಕೆ ಕೇಂದ್ರಗಳಲ್ಲ. ಆದರೆ ಕನ್ನಡದ ಹಾಡು, ನಾಟಕ ಕೇಳಲು ಹಿರಿಯರನ್ನು ಅಲ್ಲಿಗೆ ಕರೆದೊಯ್ಯಬಹುದು. ಮಾಹಿತಿಗಾಗಿ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಿ.

ಹಿರಿಯರು ಏಕಾಏಕಿ ಮಂಕಾದರೆ, ಊಟ–ನಿದ್ದೆ ಬಿಟ್ಟರೆ ಅದು ಬರೀ ಒಂಟಿತನವೆಂದು ಭಾವಿಸಬೇಡಿ. ಸೋಂಕು ಅಥವಾ ಖಿನ್ನತೆಯೂ ಕಾರಣವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.