ಎಣಿಕೆಯೂ ವ್ಯಾಕರಣವೂ

ಮಾತು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಲಯವಾಗುವಂಥದು. ಅದನ್ನು ಹಿಡಿದಿಡುವುದಕ್ಕೆ ಮನುಷ್ಯ ಮೊದಲು ಕಂಡುಕೊಂಡ ಉಪಾಯ ಲಿಪಿ. ಬಹುಕಾಲದ ಅನಂತರ ಧ್ವನಿಮುದ್ರಣ ಬಂದಿತು. ಆದರೆ ಆಡಿದ ಮಾತನ್ನು ಯಂತ್ರವೊಂದು ತಾನಾಗಿಯೇ ಕೇಳಿ ಅಕ್ಷರಕ್ಕಿಳಿಸುವುದು ಇವೆರಡಕ್ಕಿಂತಲೂ ಬೇರೆಯಾದ ಸಾಹಸ. ಧ್ವನಿಮುದ್ರಣಕ್ಕೆ ಕಿವಿಯಿದ್ದರೆ ಸಾಕು; ಲಿಪಿಕಾರನಿಗೆ ಭಾಷೆ ತಿಳಿದಿರಬೇಕು. ಯಂತ್ರಕ್ಕೆ ಭಾಷೆ ತಿಳಿಯುವುದೆಂದರೇನು? ಈ ಪ್ರಶ್ನೆಗೆ 1970ರ ದಶಕದಲ್ಲಿ ದೊರೆತ ಒಂದು ಉತ್ತರ, ವ್ಯಾಕರಣವನ್ನು ಕಲಿತು ಕಲಿಸಿದ ನನ್ನಂಥವರನ್ನು ತುಸು ಕಂಗೆಡಿಸುವಂಥದು. ಆ ಉತ್ತರದ ಹಿಂದೆ ನಿಂತವರಲ್ಲಿ ಮುಖ್ಯರು ಫ್ರೆಡ್ರಿಕ್ ಯೆಲಿನೆಕ್.

ಯೆಲಿನೆಕ್ ಹುಟ್ಟಿದ್ದು 1932ರಲ್ಲಿ, ಅಂದಿನ ಚೆಕೊಸ್ಲೊವಾಕಿಯದ ಕ್ಲಾಡ್ನೊ ಎಂಬ ಊರಿನಲ್ಲಿ. ತಂದೆ ಯೆಹೂದಿ, ದಂತವೈದ್ಯರು. ನಾತ್ಸಿಗಳ ಟೆರೆಜಿನ್ ಶಿಬಿರದಲ್ಲಿ ಅವರು ಅಸುನೀಗಿದರು. ಯುದ್ಧ ಮುಗಿದ ಕೆಲವು ವರ್ಷಗಳಲ್ಲಿ, 1949ರಲ್ಲಿ, ಉಳಿದ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ನ್ಯೂಯಾರ್ಕಿನ ಸಿಟಿ ಕಾಲೇಜಿನ ಸಂಜೆಯ ತರಗತಿಗಳಲ್ಲಿ ಓದು ಆರಂಭಿಸಿದ ಈ ತರುಣ, ಮುಂದೆ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು ಸೇರಿ, 1962ರಲ್ಲಿ ರಾಬರ್ಟ್ ಫಾನೊ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ವಿಷಯ ಮಾಹಿತಿ ಸಿದ್ಧಾಂತ. ಅದೇ ಸಂಸ್ಥೆಯಲ್ಲಿ ಆಗ ನೋಮ್ ಚಾಮ್ಸ್ಕಿಯವರ ಉಪನ್ಯಾಸಗಳು ನಡೆಯುತ್ತಿದ್ದವು. ಚಲನಚಿತ್ರ ಕಲೆಯನ್ನು ಅಭ್ಯಾಸ ಮಾಡಿದ್ದ ಪತ್ನಿ ಮಿಲೆನಾ ಅವರೊಡನೆ ಯೆಲಿನೆಕ್ ಆ ಉಪನ್ಯಾಸಗಳಿಗೆ ಹೋಗಿ, ಭಾಷಾವಿಜ್ಞಾನಕ್ಕೆ ಮನಸೋತು, ಆ ಕಡೆಗೇ ಹೊರಳಬೇಕೆಂದಿದ್ದರಂತೆ. ಅದು ಕೈಗೂಡಲಿಲ್ಲ. ಭಾಷಾವಿಜ್ಞಾನಿಯಾಗಲು ಬಯಸಿದ್ದವರೇ ಮುಂದೆ ಆ ಶಾಸ್ತ್ರದ ಪ್ರತಿಪಕ್ಷಿಯೆಂದು ಹೆಸರಾದದ್ದು ಒಂದು ವಿನೋದ.

ಅವರಿಗಿಂತ ಮೊದಲೇ ಈ ಕ್ಷೇತ್ರದಲ್ಲಿ ಪ್ರಯತ್ನಗಳು ನಡೆದಿದ್ದವು. 1952ರಲ್ಲಿ ಬೆಲ್ ಪ್ರಯೋಗಶಾಲೆಯ ‘ಆಡ್ರಿ’ ಎಂಬ ಯಂತ್ರ ಒಬ್ಬನೇ ವ್ಯಕ್ತಿಯ ಕಂಠದಿಂದ ಬಂದ ಅಂಕಿಗಳನ್ನು ಗುರುತಿಸಬಲ್ಲದಾಗಿತ್ತು. ಅಲ್ಲಿಂದ ಮುಂದಕ್ಕೆ ದಾರಿ ದುರ್ಗಮವಾಯಿತು. 1969ರಲ್ಲಿ ಅದೇ ಪ್ರಯೋಗಶಾಲೆಯ ಜಾನ್ ಪಿಯರ್ಸ್, ಇದು ನೀರನ್ನು ಪೆಟ್ರೋಲು ಮಾಡುವ, ಸಮುದ್ರದಿಂದ ಚಿನ್ನ ತೆಗೆಯುವ ಯೋಜನೆಗಳ ಜಾತಿಗೆ ಸೇರಿದ್ದೆಂದು ಕಟುವಾಗಿ ಬರೆದರು. ಆದರೂ 1971ರಲ್ಲಿ ಅಮೆರಿಕ ಸರ್ಕಾರದ ನೆರವಿನಿಂದ ಐದು ವರ್ಷಗಳ ಒಂದು ಯೋಜನೆ ಹೊರಟಿತು. ಆಂಧ್ರದಲ್ಲಿ ಹುಟ್ಟಿ ಬೆಳೆದ ರಾಜ್ ರೆಡ್ಡಿಯವರ ಕಾರ್ನೆಗಿ ಮೆಲನ್ ತಂಡದಿಂದ 1976ರಲ್ಲಿ ಹೊರಬಂದ ‘ಹಾರ್ಪಿ’ 1,011 ಪದಗಳ ಮಿತಿಯೊಳಗೆ ವಾಕ್ಯಗಳನ್ನು ಗ್ರಹಿಸಿತು. ಆ ಕಾಲದ ಸಂಶೋಧಕರಲ್ಲಿ ಬಹುಮಂದಿಗೆ ಒಂದು ನಂಬಿಕೆಯಿತ್ತು: ಧ್ವನಿಶಾಸ್ತ್ರಜ್ಞರೂ ವ್ಯಾಕರಣಜ್ಞರೂ ಬಲ್ಲ ನಿಯಮಗಳನ್ನು ಯಂತ್ರಕ್ಕೆ ತುಂಬಿದರೆ ಅದು ನಮ್ಮಂತೆಯೇ ಕೇಳೀತು ಎಂದು.

1972ರಲ್ಲಿ ಐ.ಬಿ.ಎಂ. ಸಂಸ್ಥೆಯ ಸಂಶೋಧನಾ ಕೇಂದ್ರವನ್ನು ಸೇರಿದ ಯೆಲಿನೆಕ್ ಹಿಡಿದ ಹಾದಿ ಬೇರೆ. ಅವರ ಚಿತ್ರ ಹೀಗಿದೆ: ಮಾತನಾಡುವವನ ಮನಸ್ಸಿನಲ್ಲಿ ಒಂದು ವಾಕ್ಯವಿದೆ. ಅದು ಬಾಯಿ, ಗಾಳಿ, ಸುತ್ತಲಿನ ಸದ್ದು ಇವುಗಳ ಮೂಲಕ ಹಾಯ್ದು ವಿಕಾರಗೊಂಡು ನಮಗೆ ತಲಪುತ್ತದೆ. ಕೇಳಿಬಂದ ಈ ಸದ್ದಿಗೆ ಮೂಲವಾಗಿರಬಹುದಾದ ವಾಕ್ಯಗಳಲ್ಲಿ ಅತ್ಯಂತ ಸಂಭಾವ್ಯವಾದುದು ಯಾವುದು? ಅದನ್ನು ಊಹಿಸುವುದಷ್ಟೇ ಯಂತ್ರದ ಕೆಲಸ. ಊಹೆಗೆ ಎರಡು ಆಧಾರಗಳು. ಒಂದು, ಇಂಥ ಪದದಿಂದ ಇಂಥ ಸದ್ದು ಹೊರಡುವ ಸಂಭವ ಎಷ್ಟು ಎಂಬುದು. ಇನ್ನೊಂದು, ಇಂಥ ಪದಗಳ ಬೆನ್ನಿಗೆ ಇಂಥ ಪದ ಬರುವ ಸಂಭವ ಎಷ್ಟು ಎಂಬುದು. ನಮ್ಮ ನುಡಿಯಿಂದಲೇ ಉದಾಹರಣೆ ಕೊಡಬಹುದು. ಲಕಾರ ಳಕಾರಗಳ ಭೇದವಿಲ್ಲದೆ ಆಡುವವರು ‘ಹಾಲು’ ಎಂದರೋ ‘ಹಾಳು’ ಎಂದರೋ ಎಂಬುದನ್ನು ಕಿವಿಯೊಂದೇ ತೀರ್ಮಾನಿಸಲಾರದು. ಆದರೆ ಹಿಂದೆ ‘ಹಸು’ ಎಂಬ ಪದವೂ ಮುಂದೆ ‘ಕೊಟ್ಟಿತು’ ಎಂಬುದೂ ಇದ್ದರೆ ಸಂಶಯಕ್ಕೆ ಎಡೆಯಿಲ್ಲ. ಈ ತಿಳಿವಳಿಕೆಯನ್ನು ಯಂತ್ರ ಪಡೆಯುವುದು ಗೋವಿನ ಸ್ವಭಾವದಿಂದಲ್ಲ, ವ್ಯಾಕರಣದಿಂದಲೂ ಅಲ್ಲ. ಲಕ್ಷಾಂತರ ವಾಕ್ಯಗಳಲ್ಲಿ ಯಾವ ಪದದ ನೆರೆಯಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂಬ ಎಣಿಕೆಯಿಂದ.

ಈ ಎಣಿಕೆಯ ಮೂಲ ಸಾಹಿತ್ಯದಲ್ಲಿಯೇ ಇದೆಯೆಂಬುದು ರಸಿಕರಿಗೆ ಸಂತೋಷ ತರುವ ಸಂಗತಿ. 1913ರಲ್ಲಿ ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೊವ್, ಪುಷ್ಕಿನ್ ಕವಿಯ ‘ಯೆವ್ಗೆನಿ ಒನೇಗಿನ್’ ಕಾವ್ಯದ 20,000 ಅಕ್ಷರಗಳನ್ನು ಎಣಿಸಿ, ಸ್ವರದ ಹಿಂದೆ ವ್ಯಂಜನ, ವ್ಯಂಜನದ ಹಿಂದೆ ಸ್ವರ ಬರುವ ಸಂಭವವನ್ನು ಲೆಕ್ಕ ಹಾಕಿದ್ದರು. 1948ರಲ್ಲಿ ಕ್ಲಾಡ್ ಶಾನನ್ ಅದೇ ಸರಪಳಿಯನ್ನು ಇಂಗ್ಲಿಷಿಗೆ ಅನ್ವಯಿಸಿದರು. ಇಂಥ ಸಂಭವನೀಯತೆಗಳಿಂದ ವ್ಯಾಕರಣದ ಸ್ವರೂಪ ತಿಳಿಯದೆಂದು 1957ರಲ್ಲಿ ಚಾಮ್ಸ್ಕಿ ವಾದಿಸಿದ ಮೇಲೆ ವಿದ್ವಾಂಸರು ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು. ಯೆಲಿನೆಕ್ ಮತ್ತು ಅವರ ಸಂಗಡಿಗರು ಅದನ್ನು ಮತ್ತೆ ಕೈಗೆತ್ತಿಕೊಂಡರು. 1980ರ ದಶಕದಲ್ಲಿ ಅವರು ಕಟ್ಟಿದ ಯಂತ್ರ 20,000 ಪದಗಳನ್ನು ಗುರುತಿಸಬಲ್ಲದಾಗಿತ್ತು; ಮಾತನಾಡುವವರು ಪದಪದಕ್ಕೂ ತಡೆದು ಉಚ್ಚರಿಸಬೇಕಾಗಿತ್ತೆಂಬುದೇ ಅದರ ಮಿತಿ. ಶೀಘ್ರ ಬೆರಳಚ್ಚಿನಲ್ಲಿ ದಾಖಲೆ ಸ್ಥಾಪಿಸಿದ್ದ ಆಲ್ಬರ್ಟ್ ಟ್ಯಾಂಗೊರಾ ಎಂಬಾತನ ಹೆಸರನ್ನು ಅದಕ್ಕಿಟ್ಟರು. ಇದೇ ತಂಡ ಅನಂತರ, ಕೆನಡಾ ಸಂಸತ್ತಿನ ಇಂಗ್ಲಿಷ್ ಹಾಗೂ ಫ್ರೆಂಚ್ ನಡವಳಿಗಳನ್ನು ಸಾಲುಸಾಲಾಗಿ ಜೋಡಿಸಿ ಎಣಿಸಿ, ಭಾಷಾಂತರಕ್ಕೂ ಇದೇ ವಿಧಾನವನ್ನು ಹಚ್ಚಿತು.

ಭಾಷಾವಿಜ್ಞಾನಿಯೊಬ್ಬ ತಂಡವನ್ನು ಬಿಟ್ಟು ಹೋದಾಗಲೆಲ್ಲ ಯಂತ್ರದ ಶ್ರವಣಶಕ್ತಿ ಹೆಚ್ಚುತ್ತದೆ ಎಂಬರ್ಥದ ಚಾಟುವೊಂದು ಯೆಲಿನೆಕ್ ಅವರ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅದರ ಪಾಠಾಂತರಗಳು ಹಲವು. ಇದನ್ನು ಹಿಡಿದುಕೊಂಡು ಅವರನ್ನು ವ್ಯಾಕರಣದ್ವೇಷಿಯೆನ್ನುವುದು ಅನ್ಯಾಯ. 1993ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಬಂದ ಮೇಲೆ, ಅವರು ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾನಿಲಯದ ಭಾಷಾವಿದ್ವಾಂಸರೊಡನೆ ಕೂಡಿ ತಮ್ಮ ತಾಯ್ನುಡಿಯಾದ ಚೆಕ್ ಭಾಷೆಯ ಕಡೆಗೆ ತಿರುಗಿದರು. ವಿಭಕ್ತಿ, ಲಿಂಗ, ವಚನಗಳಿಂದ ಪದಗಳು ಬಗೆಬಗೆಯಾಗಿ ರೂಪ ತಳೆಯುವ ಭಾಷೆ ಅದು. ಅಲ್ಲಿ ಬರಿಯ ಪದಗಳ ಎಣಿಕೆ ಸಾಲದು. ವಾಕ್ಯಗಳನ್ನು ವಿಂಗಡಿಸಿ ಅನ್ವಯ ತೋರಿಸಿಕೊಡಲು ವ್ಯಾಕರಣ ಬಲ್ಲವರೇ ಬೇಕು. 2004ರಲ್ಲಿ ತಾವು ಮಾಡಿದ ಒಂದು ಭಾಷಣಕ್ಕೆ ಅವರು ಇಟ್ಟ ಶೀರ್ಷಿಕೆ, ‘ನನ್ನ ಆಪ್ತಮಿತ್ರರಲ್ಲಿ ಕೆಲವರು ಭಾಷಾವಿಜ್ಞಾನಿಗಳು’ ಎಂಬುದು. 2010ರ ಸೆಪ್ಟೆಂಬರ್ 14ರಂದು ತೀರಿಕೊಳ್ಳುವವರೆಗೂ ಅವರು ವೃತ್ತಿಯಿಂದ ನಿವೃತ್ತರಾಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಯಂತ್ರಗಳ ಒಳರಚನೆ ಬಹಳ ಬದಲಾಗಿದೆ. ಮುಂದಿನ ಪದವನ್ನು ಹಿಂದಿನ ಪದಗಳಿಂದ ಊಹಿಸುವ ತತ್ತ್ವ ಮಾತ್ರ ಹಾಗೆಯೇ ಉಳಿದು ಇನ್ನಷ್ಟು ಬೆಳೆದಿದೆ.

ಕನ್ನಡಿಗರಾದ ನಮಗೆ ಇದರಲ್ಲಿ ಯೋಚಿಸತಕ್ಕ ವಿಷಯವುಂಟು. ಇಂಗ್ಲಿಷಿನ ‘ಗೋ’ ಕ್ರಿಯಾಪದಕ್ಕೆ ಐದು ರೂಪಗಳು. ನಮ್ಮ ‘ಹೋಗು’ ಧಾತುವಾದರೋ ‘ಹೋದೆನು’ ಎಂಬಲ್ಲಿಂದ ‘ಹೋಗಬೇಕಾಗಿದ್ದವರಿಂದಲೇ’ ಎಂಬವರೆಗೆ ಚಾಚಿಕೊಳ್ಳುತ್ತದೆ. ಒಂದೊಂದು ರೂಪವೂ ಎಣಿಕೆಗೆ ಸಿಕ್ಕಬೇಕಾದರೆ ಅಪಾರವಾದ ಬರಹ ಬೇಕು. ಇಲ್ಲವೆ ಪ್ರಕೃತಿ ಪ್ರತ್ಯಯಗಳನ್ನು ಬಿಡಿಸಿ ತೋರಿಸುವ ವ್ಯಾಕರಣ ಬೇಕು. ಹದಿಮೂರನೆಯ ಶತಮಾನದ ಕೇಶಿರಾಜನೂ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರಕ್ಕೆ ಬೆಂಬಲವಾಗಿ ಪೂರ್ವಕವಿಗಳ ಪ್ರಯೋಗಗಳನ್ನು ಆಯ್ದು ಕೊಟ್ಟಿದ್ದಾನೆ. ಪ್ರಯೋಗವೇ ಪ್ರಮಾಣವೆಂಬುದರಲ್ಲಿ ಅವನಿಗೂ ಯೆಲಿನೆಕ್ ಅವರಿಗೂ ವಿರೋಧವಿಲ್ಲ. ವ್ಯತ್ಯಾಸವಿರುವುದು ಆಯ್ಕೆಯಲ್ಲಿ: ಕೇಶಿರಾಜ ಒಳ್ಳೆಯ ಪ್ರಯೋಗವನ್ನು ಹುಡುಕಿದ, ಯಂತ್ರ ಹೆಚ್ಚಿನ ಪ್ರಯೋಗವನ್ನು ಹುಡುಕುತ್ತದೆ. ಅದಕ್ಕೆ ನಾವು ಏನನ್ನು ಒದಗಿಸುತ್ತೇವೆಯೋ ಅದೇ ಅದರ ಪಾಲಿನ ಕನ್ನಡ. ಪೇಟೆಯ ಪತ್ರವ್ಯವಹಾರವನ್ನು ಮಾತ್ರ ಕೊಟ್ಟರೆ, ಧಾರವಾಡದ ಅಜ್ಜಿಯ ಮಾತೂ ಕುಂದಾಪುರದ ಬೆಸ್ತರ ನುಡಿಯೂ ಅದರ ಎಣಿಕೆಯಲ್ಲಿ ಸೊನ್ನೆಯಾಗಿಯೇ ಉಳಿಯುತ್ತವೆ. ಅವುಗಳನ್ನು ಕೇಳಿ, ಬರೆದು, ಬಿಡಿಸಿ ಇಡುವ ಕೆಲಸ ಯಂತ್ರಜ್ಞರದು ಮಾತ್ರವಲ್ಲ. ಭಾಷೆಯನ್ನು ಓದಿದ ನಮ್ಮೆಲ್ಲರದೂ ಹೌದು.